ಮುಹೂರ್ತಕ್ಕೆ ಮುಂಚೆ ಒಂದು ಕಿವಿಮಾತು

ಕಾಮಿಡಿ ಸಿನಿಮಾ ಮಾಡಬೇಕು ಅಂತ ಹೊರಟಿದ್ದೀರಿ, ಬಹಳ ಸಂತೋಷ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಕ್ಕು ಬರುವಂಥ ಚಿತ್ರಗಳು ಕನ್ನಡಕ್ಕೆ ಇನ್ನೂ ಬೇಕು. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಥೆ ಇನ್ನೂ ಇಂಟರ್‌ವಲ್‌ವರೆಗೂ ಬಂದಿಲ್ಲ, ಅಷ್ಟರಲ್ಲೇ ಒಬ್ಬ ಹಾಸ್ಯನಟರ ಮ್ಯಾನೇಜರಿಗೆ ಫೋನ್ ಮಾಡಿ ಡೇಟ್ಸ್ ಕೇಳಿದ್ದೀರಂತೆ. ಟೈಟಲ್ ಫಿಕ್ಸ್ ಆಗಿದೆ, ಪೋಸ್ಟರ್ ಕೂಡ ರೆಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಮೊದಲು ಕಥೆ, ಆಮೇಲೆ ನಿರ್ದೇಶಕರು, ಆಮೇಲೆ ಕಲಾವಿದರು. ಈ ಸಾಲು ತಪ್ಪಿಸಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ಮುಖ ಮೊದಲು ಬುಕ್ ಆದರೆ ಬರೆಯುವವರು ಆ ಮುಖಕ್ಕೆ ಸೀನ್ ಹೊಸೆಯುತ್ತಾರೆ. ಅಲ್ಲೊಂದು ಪಂಚ್, ಇಲ್ಲೊಂದು ಬೀಳುವುದು ಏಳುವುದು. ಹೀಗೆ ಹುಟ್ಟುವುದು ಕಾಮಿಡಿ ಟ್ರ್ಯಾಕ್, ಕಾಮಿಡಿ ಸಿನಿಮಾ ಅಲ್ಲ. ಫಣಿ ರಾಮಚಂದ್ರ ಅವರು 1990ರಲ್ಲಿ ಮಾಡಿದ ‘ಗಣೇಶನ ಮದುವೆ’ಯನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ. ಒಂದೇ ವಠಾರದಲ್ಲಿ ದಿನಾ ಜಗಳವಾಡುವ ಇಬ್ಬರು, ಪತ್ರದಲ್ಲಿ ಮಾತ್ರ ಒಬ್ಬರಿಗೊಬ್ಬರು ಮನಸೋತಿದ್ದಾರೆ. ಬರೆಯುತ್ತಿರುವುದು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲ. ನಗು ಅಲ್ಲಿಯೇ ಕೂತಿದೆ. ಅನಂತ್ ನಾಗ್ ಮುಖ ಸೊಟ್ಟ ಮಾಡಬೇಕಾಗಿಯೇ ಇಲ್ಲ, ವಿನಯಾ ಪ್ರಸಾದ್ ಸಿಟ್ಟಾದರೆ ಸಾಕು. ನಿಮ್ಮ ಕಥೆಯನ್ನು ಯಾರಿಗಾದರೂ ನಾಲ್ಕು ವಾಕ್ಯದಲ್ಲಿ ಹೇಳಿ, ಅವರ ತುಟಿ ಅಂಚಿನಲ್ಲಿ ನಗು ಬಂತೋ ಇಲ್ಲವೋ ನೋಡಿ. ಬರದಿದ್ದರೆ ಡೇಟ್ಸ್ ಕೇಳುವ ಕಾಲ ಇನ್ನೂ ಬಂದಿಲ್ಲ.

ಈಗ ನಿರ್ದೇಶಕರ ವಿಷಯ. ಹೊಸ ನಿರ್ಮಾಪಕರು ಹೆಚ್ಚಾಗಿ ಜಾರಿ ಬೀಳುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಂಧಿನಗರದಲ್ಲಿ ಕಥೆ ಹೇಳುವುದೇ ಒಂದು ಕಲೆ. ಕೆಲವರು ಎದುರು ಕೂತರೆ ಹೀರೋ, ಅತ್ತೆ, ಪೊಲೀಸ್, ನಾಯಿ ಎಲ್ಲರ ದನಿಯನ್ನೂ ತಾವೇ ಮಾಡಿ, ಮಧ್ಯೆ ಎದ್ದು ನಿಂತು ಅಭಿನಯಿಸಿ, ಎರಡು ಗಂಟೆ ನಿಮ್ಮನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಾರೆ. ನೀವು ಅಲ್ಲೇ ಕೈ ಕುಲುಕಿ ಅಡ್ವಾನ್ಸ್ ಕೊಟ್ಟುಬಿಡುತ್ತೀರಿ. ಸ್ವಲ್ಪ ತಾಳಿ. ಅವತ್ತು ನೀವು ನಕ್ಕಿದ್ದು ಕಥೆಗಲ್ಲ, ಕಥೆ ಹೇಳಿದವರಿಗೆ. ತೆರೆಯ ಮೇಲೆ ಅವರು ಇರುವುದಿಲ್ಲ. ಆದ್ದರಿಂದ ‘ಬೌಂಡ್ ಸ್ಕ್ರಿಪ್ಟ್ ಕೊಡಿ’ ಅಂತ ಸಂಕೋಚ ಬಿಟ್ಟು ಕೇಳಿ. ಆ ಸ್ಕ್ರಿಪ್ಟನ್ನು ಬೇರೆ ಯಾರಾದರೂ, ನಟನೆ ಬಾರದವರೇ ಆದರೂ ಸರಿ, ಸುಮ್ಮನೆ ಓದಲಿ. ಎಂಟು ಹತ್ತು ಜನ ಕೂತು ಕೇಳಲಿ. ಅದರಲ್ಲಿ ನಿಮ್ಮ ಸ್ನೇಹಿತರು ಕಮ್ಮಿ ಇರಲಿ, ಸಿನಿಮಾಕ್ಕೆ ಸಂಬಂಧವಿಲ್ಲದ ಹೆಂಗಸರು, ವಯಸ್ಸಾದವರು ಇರಲಿ. ಎಲ್ಲಿ ನಕ್ಕರು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಅವರು ನಗದೇ ಹೋದ ಪುಟಗಳನ್ನು ನಿರ್ದೇಶಕರ ಮುಂದೆ ಇಟ್ಟಾಗ ಅವರು ಏನನ್ನುತ್ತಾರೆ ಅನ್ನುವುದು ಮುಖ್ಯ. ‘ಶೂಟಿಂಗಲ್ಲಿ ನೋಡ್ಕೊಳ್ಳೋಣ ಬಿಡಿ’ ಅಂದರೆ ಹುಷಾರಾಗಿ. ‘ಹೌದಲ್ಲ, ಇಲ್ಲಿ ಏನೋ ತಪ್ಪಿದೆ’ ಅಂತ ಪುಟ ತಿರುವಿದರೆ ಅಂಥವರನ್ನು ಬಿಡಬೇಡಿ.

ನಗಿಸುವ ಸಿನಿಮಾಕ್ಕೆ ನಗಿಸಿಯೇ ಹೆಸರಾದ ನಿರ್ದೇಶಕರೇ ಬೇಕು ಅನ್ನುವ ಹಟ ಬೇಡ. ‘ಅಂತ’, ‘ಬಂಧನ’, ‘ಮುತ್ತಿನ ಹಾರ’ದಂಥ ಚಿತ್ರಗಳನ್ನು ಮಾಡಿದ ರಾಜೇಂದ್ರಸಿಂಗ್ ಬಾಬು ಅವರೇ 2001ರಲ್ಲಿ ‘ಕುರಿಗಳು ಸಾರ್ ಕುರಿಗಳು’ ಮಾಡಿದರು. ರಮೇಶ್ ಅರವಿಂದ್, ಎಸ್. ನಾರಾಯಣ್, ಮೋಹನ್ ಮೂವರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ಓಡಿಸಿದರು. ನೀವು ನೋಡಬೇಕಾದದ್ದು ನಿರ್ದೇಶಕರ ಹಣೆಪಟ್ಟಿಯನ್ನಲ್ಲ, ಅವರ ಹಳೆಯ ಚಿತ್ರದ ಒಂದೆರಡು ಹಗುರ ದೃಶ್ಯಗಳನ್ನು. ಮಾತು ಮುಗಿದ ಮೇಲೆ ಕೇಳಿಸಿಕೊಂಡವರ ಮುಖಕ್ಕೆ ಎಷ್ಟು ಹೊತ್ತು ಜಾಗ ಕೊಟ್ಟಿದ್ದಾರೆ? ಟೊಂಯ್ ಅಂತ ಮ್ಯೂಸಿಕ್ ಹಾಕಿ ‘ಈಗ ನಗಿ’ ಅಂತ ಪ್ರೇಕ್ಷಕರಿಗೆ ಆಜ್ಞೆ ಮಾಡಿದ್ದಾರೋ, ಇಲ್ಲಾ ನಂಬಿ ಸುಮ್ಮನಿದ್ದಾರೋ? ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ‘ಪುಷ್ಪಕ ವಿಮಾನ’ ನೋಡಿದ್ದೀರಲ್ಲ, ನಮ್ಮ ಬೆಂಗಳೂರಿನಲ್ಲೇ ತೆಗೆದದ್ದು. ಇಡೀ ಚಿತ್ರದಲ್ಲಿ ಒಂದು ಮಾತಿಲ್ಲ. ಆದರೂ ಜನ ನಕ್ಕರು, ಕಡೆಗೆ ಕಣ್ಣನ್ನೂ ಒರೆಸಿಕೊಂಡರು. ಸಂಭಾಷಣೆಯ ಹಂಗಿಲ್ಲದೆ ಒಂದು ಸೀನ್ ಹೇಗೆ ಕಟ್ಟುತ್ತೀರಿ ಅಂತ ನಿಮ್ಮ ನಿರ್ದೇಶಕರನ್ನು ಕೇಳಿ. ಉತ್ತರ ಬಂದರೆ ಅರ್ಧ ಗೆದ್ದಿರಿ.

ಅವರ ಜತೆ ಕೆಲಸ ಮಾಡಿದ ಸಹಾಯಕ ನಿರ್ದೇಶಕರನ್ನೂ ಒಮ್ಮೆ ಕಾಫಿಗೆ ಕರೆಯಿರಿ. ಸೆಟ್ಟಿನಲ್ಲಿ ಕೂಗಾಡುವವರೋ ಅಂತ ವಿಚಾರಿಸಿ. ಬೈಸಿಕೊಂಡ ನಟನ ಮುಖದಿಂದ ಹಾಸ್ಯ ಹೊರಡುವುದಿಲ್ಲ, ಅದು ಎಷ್ಟು ದೊಡ್ಡ ನಟನೇ ಆಗಲಿ.

ನಿರ್ದೇಶಕರೇ ನಾಯಕನ ಪಾತ್ರವನ್ನೂ ಮಾಡುತ್ತೇನೆ ಅಂದರೆ ತಕ್ಷಣ ಬೇಡ ಅನ್ನಬೇಡಿ. ಕಾಶಿನಾಥ್ 1984ರ ‘ಅನುಭವ’ದಲ್ಲಿ ಮಾಡಿ ಗೆದ್ದರು. ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಬೊಕ್ಕತಲೆಯ ಮೇಷ್ಟ್ರಾಗಿ ನಿಂತರು. ಇಬ್ಬರಿಗೂ ಆ ಪಾತ್ರ ಬೇರೆಯವರಿಗಿಂತ ಚೆನ್ನಾಗಿ ಒಪ್ಪುತ್ತಿತ್ತು. ನಿಮ್ಮವರಿಗೆ ಒಪ್ಪುತ್ತದೆಯೋ ನೋಡಿ. ಒಪ್ಪಿದರೆ, ಅವರು ಕ್ಯಾಮೆರಾ ಮುಂದಿರುವಾಗ ಮಾನಿಟರ್ ಮುಂದೆ ಕೂತು ‘ಇದು ಸರಿಬರಲಿಲ್ಲ, ಇನ್ನೊಂದು ಟೇಕ್’ ಅಂತ ಧೈರ್ಯವಾಗಿ ಹೇಳುವ ಒಬ್ಬ ಕೋ-ಡೈರೆಕ್ಟರ್ ಇರಲೇಬೇಕು.

ಇನ್ನು ಕಲಾವಿದರು. ಐದು ಜನ ಹಾಸ್ಯನಟರನ್ನು ಹಾಕಿದರೆ ಐದು ಪಟ್ಟು ನಗು ಅನ್ನುವ ಲೆಕ್ಕ ದಯವಿಟ್ಟು ಬಿಡಿ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ತಮಾಷೆ ಮಾಡುವವರಿಗೆ ಎದುರಾಗಿ, ಅದನ್ನು ನಿಜವೆಂದೇ ನಂಬಿ ಕಂಗಾಲಾಗುವವರು ಬೇಕು. ‘ಗಣೇಶನ ಮದುವೆ’ಯ ವಠಾರದ ಮಾಲೀಕರಾಗಿ ಮುಖ್ಯಮಂತ್ರಿ ಚಂದ್ರು ಅಷ್ಟು ಗಂಭೀರವಾಗಿ ರೇಗದಿದ್ದರೆ ಗಣೇಶನ ಕಿತಾಪತಿಗೆ ಬೆಲೆಯೇ ಇರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೊದಲು ಈ ಗಂಭೀರದವರ ಹೆಸರು ಬರೆಯಿರಿ. ಒಳ್ಳೆಯ ನಟ, ನಟಿ ಯಾರೇ ಆದರೂ ಈ ಕೆಲಸ ಮಾಡಬಲ್ಲರು. ಹಾಗೆಯೇ ನಗಿಸುವವರನ್ನು ಹಗುರವಾಗಿ ಕಾಣಬೇಡಿ. ವರ್ಷಗಟ್ಟಲೆ ನಮ್ಮನ್ನು ನಗಿಸಿದ ಉಮಾಶ್ರೀ ಅವರಿಗೇ ‘ಗುಲಾಬಿ ಟಾಕೀಸು’ ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು. ಸಂಭಾವನೆ ಮಾತಾಡುವಾಗ ‘ಕಾಮಿಡಿ ತಾನೇ’ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಕೂಡದು.

ಆಡಿಷನ್ ಕರೆದಾಗ ಎಲ್ಲರೂ ಮಾಡುವ ತಪ್ಪನ್ನು ನೀವೂ ಮಾಡಬೇಡಿ. ‘ಏನಾದ್ರೂ ಕಾಮಿಡಿ ಮಾಡಿ ತೋರಿಸಿ’ ಅಂದರೆ ಬಂದವರು ಯಾರದೋ ಮಿಮಿಕ್ರಿ ಮಾಡುತ್ತಾರೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಒಂದು ಸಂದರ್ಭ ಕೊಡಿ. ಸಾವಿನ ಮನೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ. ಇವರ ಜೇಬಿನಲ್ಲಿ ಫೋನ್ ಕುಣಿತದ ಹಾಡಿನೊಂದಿಗೆ ರಿಂಗ್ ಆಗುತ್ತದೆ. ಮಾತಾಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ಅಷ್ಟೇ. ಕೆಲವರು ಕಣ್ಣು ಅಗಲಿಸಿ, ನಾಲಿಗೆ ಕಚ್ಚಿ, ನಿಮ್ಮ ಕಡೆಗೇ ನೋಡಿ ನಗಿಸಲು ಹೊರಡುತ್ತಾರೆ. ಇನ್ನು ಕೆಲವರು ನಿಜವಾಗಿಯೂ ಹೆದರಿ ಜೇಬನ್ನು ಅಮುಕಿಕೊಂಡು, ಕೆಮ್ಮಿ, ಪಕ್ಕದವರ ಅಳುವಿನ ಜತೆ ತಮ್ಮ ಅಳುವನ್ನೂ ಸೇರಿಸಿ, ಹೇಗಾದರೂ ಆ ಸದ್ದು ಮುಚ್ಚಿದರೆ ಸಾಕು ಅಂತ ಒದ್ದಾಡುತ್ತಾರೆ. ಎರಡನೆಯವರ ಹೆಸರು ಬರೆದುಕೊಳ್ಳಿ. ತಾನು ತಮಾಷೆಯಾಗಿ ಕಾಣುತ್ತಿದ್ದೇನೆ ಅಂತ ಪಾತ್ರಕ್ಕೆ ಗೊತ್ತಾಗಬಾರದು.

ಇನ್ನೊಂದು ಪರೀಕ್ಷೆ, ಮಾತಿಲ್ಲದ ಪಾತ್ರ ಕೊಟ್ಟು ಎದುರಿನವರ ಮಾತು ಕೇಳಲು ಬಿಡುವುದು. ಹಾಸ್ಯದಲ್ಲಿ ಅರ್ಧ ಕೆಲಸ ಕೇಳುವುದೇ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತಿನ ಸಮಯ ಹಿಡಿಯುತ್ತಿದ್ದರು. ಅವರ ಟೈಮಿಂಗ್ ತಪ್ಪಿತು ಅಂತ ಯಾರೂ ಹೇಳಿದ್ದಿಲ್ಲ. ಎರಡೂ ಕಿವಿ ನೆಟ್ಟಗಿರುವ ಇವತ್ತಿನ ಹುಡುಗರು ತಮ್ಮ ಡೈಲಾಗ್ ಯಾವಾಗ ಬರುತ್ತದೆ ಅಂತ ಕಾಯುತ್ತಾ ನಿಂತಿರುತ್ತಾರೆ. ಅಂಥವರನ್ನು ತಿದ್ದಬಹುದು, ಆದರೆ ಅದಕ್ಕೆ ರಿಹರ್ಸಲ್ ಬೇಕು.

ಎಲ್ಲಿ ಹುಡುಕಬೇಕು ಅಂತ ಕೇಳುತ್ತೀರಿ. ಹಿತ್ತಲ ಗಿಡ ಮದ್ದಲ್ಲ ಅಂತ ನೀವೇ ಅಂದುಕೊಂಡರೆ ಯಾರೇನು ಮಾಡಲಾದೀತು? ನಮ್ಮ ನರಸಿಂಹರಾಜು ಬಂದದ್ದು ನಾಟಕ ಕಂಪನಿಗಳಿಂದ. ರಂಗಾಯಣ ರಘು ಎಲ್ಲಿಂದ ಬಂದವರು ಅಂತ ಅವರ ಹೆಸರೇ ಹೇಳುತ್ತದೆ. ಅಚ್ಯುತ್ ಕುಮಾರ್ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. 2025ರಲ್ಲಿ ಕರ್ನಾಟಕವನ್ನೆಲ್ಲ ನಗಿಸಿದ ‘ಸು ಫ್ರಮ್ ಸೋ’ ನೋಡಿ. ಬರೆದು ನಿರ್ದೇಶಿಸಿದ ಜೆ.ಪಿ. ತೂಮಿನಾಡು, ನಟಿಸಿದ ಪ್ರಕಾಶ್ ತೂಮಿನಾಡು, ದೀಪಕ್ ರೈ ಪಾಣಾಜೆ ಎಲ್ಲರೂ ಕರಾವಳಿಯ ರಂಗಭೂಮಿಯಲ್ಲಿ ಪಳಗಿದವರು. ತುಳು ನಾಟಕದ ನಟರು ರಾತ್ರಿ ರಾತ್ರಿ ಪ್ರೇಕ್ಷಕರ ಎದುರೇ ನಿಂತು ಯಾವ ಮಾತಿಗೆ ಎಷ್ಟು ತಡೆಯಬೇಕು ಅಂತ ಕಲಿತಿರುತ್ತಾರೆ. ಯಾವ ಆ್ಯಕ್ಟಿಂಗ್ ಕ್ಲಾಸೂ ಇದನ್ನು ಕಲಿಸಲಾರದು. ಗುಬ್ಬಿ, ಗದಗ, ದಾವಣಗೆರೆ ಕಡೆ ಜಾತ್ರೆ ನಾಟಕಗಳಿಗೆ ಹೋಗಿ ಟಿಕೆಟ್ ಕೊಂಡು ಕೂತುಕೊಳ್ಳಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ, ರಂಗಶಂಕರಕ್ಕೆ ಎಷ್ಟು ಸಲ ಹೋಗಿದ್ದೀರಿ? ಮೊಬೈಲಿನಲ್ಲಿ ರೀಲ್ಸ್ ನೋಡಿಯೇ ಪಾತ್ರ ಹಂಚುವುದು ಸೋಮಾರಿತನ. ಮೂವತ್ತು ಸೆಕೆಂಡ್ ನಗಿಸುವವರೆಲ್ಲ ಎರಡು ಗಂಟೆ ಒಂದು ಪಾತ್ರವನ್ನು ಹೊತ್ತು ನಡೆಯಲಾರರು. ನಡೆಯಬಲ್ಲವರೂ ಇದ್ದಾರೆ, ಆದರೆ ಅದನ್ನು ಎದುರು ಕೂರಿಸಿಕೊಂಡೇ ತಿಳಿಯಬೇಕು. ಬರೀ ಹೊಸಬರು ಅಂತಲೂ ಅಂಜಬೇಡಿ, 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರವನ್ನು ಹೆಚ್ಚಾಗಿ ಹೊಸ ಮುಖಗಳೇ ಎಳೆದುಕೊಂಡು ಹೋದವು.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಕಥೆ ಧಾರವಾಡದ್ದಾದರೆ ಧಾರವಾಡದ ಮಾತು ಹುಟ್ಟಿನಿಂದ ಬಂದವರನ್ನೇ ಹಾಕಿ. ಪ್ರತಿ ವಾಕ್ಯಕ್ಕೂ ಒಂದು ‘ರೀ’, ಒಂದು ‘ಐತಿ’ ಅಂಟಿಸಿದರೆ ಆ ಸೀಮೆಯ ಜನ ನಗುವುದಿಲ್ಲ, ನೊಂದುಕೊಳ್ಳುತ್ತಾರೆ. ಮಂಡ್ಯದ್ದಾಗಲಿ, ಕುಂದಾಪುರದ್ದಾಗಲಿ, ಕಲಬುರಗಿಯದ್ದಾಗಲಿ ಇದೇ ಮಾತು. ಡಬ್ಬಿಂಗನ್ನೂ ಆ ಕಲಾವಿದರಿಂದಲೇ ಮಾಡಿಸಿ. ಉಸಿರು ಹಿಡಿದ ರೀತಿಯಲ್ಲೇ ಎಷ್ಟೋ ಸಲ ನಗು ಇರುತ್ತದೆ.

ದಪ್ಪಗಿದ್ದಾರೆ, ಕುಳ್ಳಗಿದ್ದಾರೆ, ಕಪ್ಪಗಿದ್ದಾರೆ, ತೊದಲುತ್ತಾರೆ ಅಂತ ಒಬ್ಬರನ್ನು ಹಾಕಿಕೊಂಡು ಅದನ್ನೇ ಗೇಲಿ ಮಾಡಿಸುವುದು ಬೇಡ. ದ್ವಂದ್ವಾರ್ಥದ ಮಾತೂ ಬೇಡ. ಇದರಿಂದ ಮೊದಲ ದಿನ ಸೀಟಿ ಬೀಳಬಹುದು, ಎರಡನೇ ವಾರ ಹೆಂಗಸರು ಮಕ್ಕಳು ಬರುವುದಿಲ್ಲ. ದ್ವಾರಕೀಶ್ ಅವರ ಗಿಡ್ಡ ದೇಹ ಎಲ್ಲರಿಗೂ ಕಾಣುತ್ತಿತ್ತು, ಆದರೆ ಜನ ಪ್ರೀತಿಸಿದ್ದು ಅವರ ಚುರುಕನ್ನು. ಅವರೇ ನಿರ್ಮಾಪಕರಾಗಿ 1969ರಲ್ಲಿ ‘ಮೇಯರ್ ಮುತ್ತಣ್ಣ’ ಮಾಡಿದಾಗ ನಾಯಕರು ರಾಜ್‌ಕುಮಾರ್, ಆದರೆ ನಿರ್ದೇಶನವನ್ನು ಒಪ್ಪಿಸಿದ್ದು ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದ ಸಿದ್ದಲಿಂಗಯ್ಯ ಅವರಿಗೆ. ಮನುಷ್ಯರನ್ನು ಗುರುತಿಸುವ ಕಣ್ಣು ಅಂದರೆ ಅದು.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಬಜೆಟ್ಟಿನ ಮುಕ್ಕಾಲು ಒಬ್ಬರ ಸಂಭಾವನೆಗೆ ಹೋದರೆ ಉಳಿದವರನ್ನೆಲ್ಲ ಸಿಕ್ಕಿದವರಿಂದ ತುಂಬಬೇಕಾಗುತ್ತದೆ. ಕಾಮಿಡಿಯಲ್ಲಿ ಬಹಳಷ್ಟು ಸೀನ್ ನಾಲ್ಕೈದು ಜನ ಒಟ್ಟಿಗೆ ಇರುವಂಥವು. ಕಾಂಬಿನೇಷನ್ ಡೇಟ್ಸ್ ಸಿಗದೆ ಒಬ್ಬರ ಮಾತನ್ನು ಇವತ್ತು, ಅದಕ್ಕೆ ಬೆಚ್ಚುವವರ ಮುಖವನ್ನು ತಿಂಗಳು ಬಿಟ್ಟು ತೆಗೆದರೆ ಆ ನಗು ಸತ್ತೇ ಹೋಗುತ್ತದೆ. ಒಟ್ಟಿಗೆ ಎಷ್ಟು ದಿನ ಬೇಕು ಅಂತ ಮೊದಲೇ ಎಣಿಸಿ, ಕರಾರಿನಲ್ಲಿ ಬರೆಸಿಕೊಳ್ಳಿ. ಅದರ ಜತೆ ಒಂದು ವಾರದ ರಿಹರ್ಸಲನ್ನೂ ಬರೆಸಿ, ಅದಕ್ಕೂ ದುಡ್ಡು ಕೊಡಿ. ಸಣ್ಣ ಪಾತ್ರದವರ ಬಾಟಾ ಸಂಜೆಯೇ ಕೈಗೆ ಸೇರಲಿ.

ಕಡೆಯದಾಗಿ, ಎಲ್ಲರೂ ಆಯ್ಕೆಯಾದ ಮೇಲೆ ಒಂದು ದಿನ ವೃತ್ತಾಕಾರವಾಗಿ ಕೂರಿಸಿ ಇಡೀ ಸ್ಕ್ರಿಪ್ಟ್ ಓದಿಸಿ. ಒಬ್ಬರು ಉಳಿದವರ ಜತೆ ಹೊಂದುತ್ತಿಲ್ಲ ಅಂತ ಅವತ್ತು ನಿಮಗೆ ಕಂಡರೆ, ಶೂಟಿಂಗ್ ಶುರುವಾಗಲಿ ಅಂತ ತಳ್ಳಬೇಡಿ. ಮ್ಯಾನೇಜರ್ ಕೈಲಿ ಹೇಳಿಕಳಿಸಬೇಡಿ, ಫೋನ್ ಎತ್ತದೆ ಅಡಗಿಕೊಳ್ಳಲೂ ಬೇಡಿ. ಮುಹೂರ್ತಕ್ಕೆ ಮುಂಚೆ ನಿರ್ದೇಶಕರನ್ನೂ ಕರೆದುಕೊಂಡು ನೀವೇ ಅವರ ಮನೆಗೆ ಹೋಗಿ, ಪಾತ್ರ ಯಾಕೆ ಒಪ್ಪುತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಿ. ಕೊಟ್ಟ ಅಡ್ವಾನ್ಸನ್ನು ಮಾತ್ರ ವಾಪಸ್ ಕೇಳಬೇಡಿ. ನಿಮ್ಮ ಮುಂದಿನ ಚಿತ್ರಕ್ಕೆ ಅವರೇ ಬೇಕಾಗಬಹುದು.