ಅತಿಥಿಗಳ ಪಟ್ಟಿಗೂ ಮುಂಚೆ ವಾಹನದ ಪಟ್ಟಿ

ಬೀದರಿನಲ್ಲಿ ಸಮ್ಮೇಳನವೆಂದರೆ ಸ್ವಾಗತ ಭಾಷಣದಲ್ಲಿ ಬಸವಕಲ್ಯಾಣದ ಅನುಭವ ಮಂಟಪ ಬಂದೇ ಬರುತ್ತದೆ. ಹೆಣ್ಣು-ಗಂಡು, ಮೇಲು-ಕೀಳು ಎನ್ನದೆ ಎಲ್ಲರೂ ಕೂತು ಮಾತಾಡಿದ ನೆಲ ಎಂದ ಕೂಡಲೇ ಚಪ್ಪಾಳೆ ಬೀಳುತ್ತದೆ. ಆ ಮಾತು ರಾತ್ರಿ ಊಟದ ತನಕ ಉಳಿಯಬೇಕಾದರೆ ಸಂಘಟಕರು ವಾರಗಟ್ಟಲೆ ಮೊದಲೇ ಕೆಲಸ ಮಾಡಿರಬೇಕು. ಪಶುವೈದ್ಯರ ಸಮ್ಮೇಳನಗಳಲ್ಲಿ ಓಡಾಡಿ ನಾನು ಕಲಿತ ಪಾಠಗಳಿವು.

1. ರಾತ್ರಿಯ ವಾಹನದ ಪಟ್ಟಿ ಮೊದಲು ಬರೆಯಿರಿ

ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಕಮಠಾಣದ ಕಡೆಯ ನಂದಿನಗರದಲ್ಲಿ, ಲಾಡ್ಜುಗಳಿರುವುದು ಬೀದರ ಪೇಟೆಯಲ್ಲಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗದ ಕಾಲೇಜುಗಳಿಂದ ಬಂದವರಿಗೆ ಈ ದಾರಿ ಹೊಸದು. ಊಟ ಮುಗಿಯುವ ಹೊತ್ತಿಗೆ ಆಟೊ ಸಿಗುವುದಿಲ್ಲ. ಆಗ ಯಾರೋ ಒಬ್ಬರು, ‘ಸರ್ ಕಾರು ಅದೇ ಕಡೆ ಹೊರಟದ, ಕೂಡಮ್ಮಾ’ ಎನ್ನುತ್ತಾರೆ. ವಿದ್ಯಾರ್ಥಿನಿಗೆ ಒಲ್ಲೆ ಎನ್ನುವ ಧೈರ್ಯ ಇರುವುದಿಲ್ಲ. ಊಟ ಮುಗಿದ ಮೇಲೆ ಹೊರಡುವ ಕೊನೆಯ ಬಸ್ಸು, ಅದರಲ್ಲಿ ಒಬ್ಬ ಅಧ್ಯಾಪಕಿ, ಚಾಲಕನ ಹೆಸರು-ನಂಬರು: ಇಷ್ಟು ಗೊತ್ತುಮಾಡಿದರೆ ಆ ಮಾತು ಹುಟ್ಟುವುದೇ ಇಲ್ಲ.

2. ಸ್ವಯಂಸೇವಕರ ಖಾಸಗಿ ನಂಬರು ಹಂಚಬೇಡಿ

ಕರಪತ್ರದಲ್ಲಿ ವಿದ್ಯಾರ್ಥಿನಿಯ ಮೊಬೈಲ್ ನಂಬರು ಅಚ್ಚಾದರೆ ಸಮ್ಮೇಳನ ಮುಗಿದು ತಿಂಗಳಾದರೂ ‘ಗುಡ್ ಮಾರ್ನಿಂಗ್’ ಬರುತ್ತಲೇ ಇರುತ್ತದೆ. ಸಮ್ಮೇಳನಕ್ಕೆಂದೇ ಒಂದು ಸಿಮ್ ತೆಗೆದುಕೊಳ್ಳಿ. ವಾಟ್ಸಾಪ್ ಗುಂಪನ್ನು ಮರುವಾರವೇ ಮುಚ್ಚಿ.

3. ತಟ್ಟೆ ಹಿಡಿಯಲು ಹುಡುಗಿಯರು ಎಂಬ ರೂಢಿ ಬಿಡಿ

ರೇಷ್ಮೆ ಸೀರೆ ಉಡಿಸಿ ಹಾರದ ತಟ್ಟೆ ಕೊಟ್ಟು ವೇದಿಕೆಯ ಪಕ್ಕ ನಿಲ್ಲಿಸಿದವಳನ್ನು ಮಧ್ಯಾಹ್ನ ಅದೇ ಅತಿಥಿ ಸಂಶೋಧಕಿಯಾಗಿ ನೋಡಬೇಕೆಂದರೆ ಹೇಗೆ? ತಟ್ಟೆಯ ಕೆಲಸ ಹುಡುಗರಿಗೂ ಹಂಚಿ, ಮೈಕಿನ ಕೆಲಸ ಹುಡುಗಿಯರಿಗೂ ಕೊಡಿ.

4. ಗೋಷ್ಠಿಯ ಅಧ್ಯಕ್ಷರಿಗೆ ಒಂದು ವಾಕ್ಯ ಕಲಿಸಿ

ಬೇರೊಂದು ಊರಿನ ಗೋಷ್ಠಿ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಎಮ್ಮೆಗಳ ಕೆಚ್ಚಲು ಬಾವಿನ ಬಗ್ಗೆ ಪ್ರಬಂಧ ಓದಿದಳು. ಹಿರಿಯರೊಬ್ಬರು ಎದ್ದು, ‘ಎಲ್ಲಾ ಸರಿ ಅಮ್ಮಾ, ದೊಡ್ಡ ದನದ ಕೆಲಸ ನಿನ್ನ ಕೈಲಾಗುತ್ತಾ? ನಾಯಿ-ಬೆಕ್ಕಿನ ಕ್ಲಿನಿಕ್ ನೋಡಿಕೋ’ ಎಂದರು. ಸಭೆ ನಕ್ಕಿತು. ಅಧ್ಯಕ್ಷೆ ನಗಲಿಲ್ಲ. ‘ಪ್ರಬಂಧದ ಮೇಲೆ ಪ್ರಶ್ನೆ ಇದ್ದರೆ ಕೇಳಿ ಸರ್, ಇಲ್ಲವಾದರೆ ಮೈಕ್ ಮುಂದಿನವರಿಗೆ ಕೊಡ್ತೀನಿ’ ಎಂದರು. ದನಿ ಏರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಆಮೇಲೆ ಬಂದವೆಲ್ಲ ಪ್ರಬಂಧದ ಮೇಲಿನ ಪ್ರಶ್ನೆಗಳೇ. ಅಧ್ಯಕ್ಷರಿಗೆ ಕಳಿಸುವ ಪತ್ರದಲ್ಲಿ ಈಗ ಆ ವಾಕ್ಯವನ್ನೂ ಸೇರಿಸುತ್ತೇನೆ.

5. ಅಗೌರವಕ್ಕೆ ಬೇರೆ ಮುಖಗಳೂ ಇವೆ

‘ನಾಷ್ಟಾ ಆಯ್ತೇನ್ರಿ ಸರ?’ ಎಂದು ವಿಚಾರಿಸುವ ನಮ್ಮ ಹುಡುಗನ ಮಾತನ್ನು ಅಣಕಿಸಿ ತೋರಿಸುವವರಿದ್ದಾರೆ. ಉರ್ದು, ಮರಾಠಿ ಬೆರೆತ ಈ ಗಡಿಯ ಕನ್ನಡ ಅವರಿಗೆ ತಮಾಷೆ. ಅಡ್ಡಹೆಸರು ಕೇಳಿ ಜಾತಿ ಅಳೆಯುವವರೂ ಇದ್ದಾರೆ. ಇವೂ ನಡೆಯುವುದಿಲ್ಲ ಎಂದು ಸಮ್ಮೇಳನದ ನಿಯಮಾವಳಿಯಲ್ಲಿ ಬಿಡಿಸಿ ಬರೆಯಿರಿ.

6. ಕ್ಷೇತ್ರ ಭೇಟಿಯೂ ಸಮ್ಮೇಳನವೇ

ಔರಾದ, ಭಾಲ್ಕಿ ಕಡೆ ದೇವಣಿ ದನ ತೋರಿಸಲು ಕರೆದೊಯ್ಯುತ್ತೇವೆ. ಗಡಿಯಾಚೆಯ ಲಾತೂರ ಜಿಲ್ಲೆಯ ದೇವಣಿಯಿಂದ ಈ ತಳಿಗೆ ಹೆಸರು ಬಂದಿದೆ. ದನದ ಫೋಟೊ ತೆಗೆಯುವ ನೆಪದಲ್ಲಿ ಕೆಲವರು ಹಾಲು ಕರೆಯುತ್ತಿರುವ ಹೆಣ್ಣುಮಗಳ ಮುಖಕ್ಕೆ ಮೊಬೈಲ್ ಹಿಡಿಯುತ್ತಾರೆ. ಮೊದಲು ಕೇಳಿ, ಬೇಡವೆಂದರೆ ಮೊಬೈಲ್ ಜೇಬಿಗೆ.

7. ದೂರು ಬಂದರೆ ಸಂಘಟಕರು ಪಂಚಾಯ್ತಿ ಮಾಡಬಾರದು

ಲೈಂಗಿಕ ಕಿರುಕುಳದ ದೂರು ಬಂದಾಗ ಸಂಘಟಕರಿಗೆ ಮೊದಲು ನೆನಪಾಗುವುದು ಸಮಾರೋಪ. ‘ಇವತ್ತೊಂದು ದಿನ ಸುಮ್ಮನಿರಮ್ಮಾ’ ಎಂಬ ಮಾತು ಅಲ್ಲಿಂದಲೇ ಹೊರಡುತ್ತದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಹಿನ್ನೆಲೆಯಲ್ಲಿ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು ಬಂದ 2013ರ ಕಾಯ್ದೆಯಲ್ಲಿ ಉದ್ಯೋಗದ ನಿಮಿತ್ತ ಹೋದ ಜಾಗ, ಉದ್ಯೋಗದಾತರು ಒದಗಿಸಿದ ವಾಹನ ಎರಡೂ ಕೆಲಸದ ಸ್ಥಳವೇ. ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದು ಯುಜಿಸಿ 2015ರಲ್ಲಿ ಮಾಡಿದ ನಿಯಮಗಳು ಹೊರಗಿನಿಂದ ಬಂದವರು ಕೊಡುವ ಕಿರುಕುಳವನ್ನೂ ಹೆಸರಿಸುತ್ತವೆ. ‘ಅವರು ನಮ್ಮ ಸಿಬ್ಬಂದಿಯಲ್ಲ, ಅತಿಥಿ’ ಎಂದು ಕೈತೊಳೆದುಕೊಳ್ಳುವಂತಿಲ್ಲ.

2013ರ ಕಾಯ್ದೆಯಡಿ ಲಿಖಿತ ದೂರಿಗೆ 3 ತಿಂಗಳು ಕಾಲಾವಕಾಶ; ಸಕಾರಣವಿದ್ದರೆ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಂಧಾನ ದೂರು ಕೊಟ್ಟಾಕೆಯೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಅಲ್ಲ. ಹೆಸರು ಬಯಲು ಮಾಡುವಂತಿಲ್ಲ. ಸಂಘಟಕರ ಕೆಲಸ ಮೂರೇ: ಆಕೆಯ ಮಾತು ಕೇಳುವುದು, ಆ ಕ್ಷಣಕ್ಕೆ ಸುರಕ್ಷಿತ ಜಾಗ ಕೊಡುವುದು, ಇಂಥ ದೂರು ವಿಚಾರಿಸುವ ಸಂಸ್ಥೆಯ ಆಂತರಿಕ ಸಮಿತಿಗೆ ದಾರಿ ತೋರುವುದು. ಅದಕ್ಕಾಗಿ ಕೊರಳಿಗೆ ಹಾಕುವ ಗುರುತಿನ ಚೀಟಿಯ ಹಿಂಬದಿಯಲ್ಲಿ ಎರಡು ನಂಬರು ಅಚ್ಚುಹಾಕಿಸುತ್ತೇವೆ. ಒಂದು ಮಹಿಳೆಯದು, ಇನ್ನೊಂದು ಸಂಘಟಿಸುವ ವಿಭಾಗಕ್ಕೆ ಸೇರದವರದು. ಜೊತೆಗೆ ತುರ್ತು ನೆರವಿನ 112 ಮತ್ತು ಮಹಿಳಾ ಸಹಾಯವಾಣಿ 181.

8. ‘ಅವರು ಸ್ವಲ್ಪ ಹಾಗೇ’ ಎನಿಸಿಕೊಂಡವರನ್ನು ಕರೆಯಬೇಡಿ

ಸಂಘಟನಾ ಸಮಿತಿಯ ಸಭೆಯಲ್ಲಿ ಹೆಸರೊಂದು ಬಂದಾಗ ಯಾರಾದರೂ ಮೆಲ್ಲಗೆ ಹೀಗೆ ಹೇಳುತ್ತಾರೆ. ಆಮೇಲೆ ‘ದೊಡ್ಡ ವಿದ್ವಾಂಸರು, ಹುಡುಗಿಯರಿಗೆ ದೂರ ಇರೋಕೆ ಹೇಳಿದರಾಯ್ತು’ ಎಂದು ಕರೆಯೋಲೆ ಹೋಗುತ್ತದೆ. ವಿದ್ಯಾರ್ಥಿನಿಯರಿಗೆ ಮುಂಚೆಯೇ ಎಚ್ಚರಿಕೆ ಹೇಳಬೇಕಾದ ಅತಿಥಿ ನಮಗೆ ಬೇಡ. ಅದೇ ವಿಷಯ ಬಲ್ಲ ಇನ್ನೊಬ್ಬರು ಇದ್ದೇ ಇರುತ್ತಾರೆ. ಹುಡುಕುವ ಸೋಮಾರಿತನ ನಮ್ಮದು. ಯಾರನ್ನು ಕರೆಯಬೇಕು ಎಂಬುದು ಕೊನೆಗೂ ಸಂಘಟಕರ ಕೈಯಲ್ಲೇ ಇದೆ. ಆ ಅಧಿಕಾರ ಬಳಸದೆ ಹಂಚಿದ ನಿಯಮಾವಳಿಯನ್ನು ಯಾರೂ ನಂಬುವುದಿಲ್ಲ.