ಮನೆಯಲ್ಲಿ ಭತ್ತವನ್ನು ಹಳೆಯದಾಗಿಸುವ ಸರಿಯಾದ ಕ್ರಮ

ಭತ್ತ ಬೆಳೆಯುವ ನಾಡಿನಲ್ಲಿ ಹೊಸ ಅಕ್ಕಿಗೂ ಹಳೆಯ ಅಕ್ಕಿಗೂ ಬೇರೆ ಬೇರೆ ಸ್ಥಾನವಿದೆ. ಕೊಡಗಿನ ಪುತ್ತರಿ, ಮಲೆನಾಡು ಮತ್ತು ಕರಾವಳಿಯ ಹೊಸ ಅಕ್ಕಿ ಊಟ, ಬಯಲುಸೀಮೆಯ ಸಂಕ್ರಾಂತಿ ಇವೆಲ್ಲವೂ ಹೊಸ ಅಕ್ಕಿಯ ಹಬ್ಬಗಳು. ಪಾಯಸಕ್ಕೆ, ಹುಗ್ಗಿಗೆ ಹೊಸ ಅಕ್ಕಿಯೇ ಸೊಗಸು. ಆದರೆ ದಿನನಿತ್ಯದ ಅನ್ನಕ್ಕೆ ಗೃಹಿಣಿಯರು ಕೇಳುವುದು ಹಳೆಯ ಅಕ್ಕಿಯನ್ನೇ. ಪೇಟೆಯಲ್ಲಿಯೂ ಒಂದೇ ತಳಿಯ ಹೊಸ ಅಕ್ಕಿಗಿಂತ ಹಳೆಯ ಅಕ್ಕಿಗೆ ಸಾಮಾನ್ಯವಾಗಿ ಹೆಚ್ಚಿನ ಬೆಲೆ ದೊರೆಯುತ್ತದೆ.

ಆದರೂ ಬಹುಪಾಲು ರೈತರು ಕಣದಿಂದಲೇ ಭತ್ತವನ್ನು ಮಾರಿಬಿಡುತ್ತಾರೆ. ಉಳಿಸಿಕೊಂಡವರಲ್ಲಿಯೂ ಅನೇಕರ ಭತ್ತ ಮಳೆಗಾಲ ಕಳೆಯುವುದರೊಳಗೆ ಪತಂಗ, ಬೂಷ್ಟು ಹಾಗೂ ಇಲಿಗಳ ಪಾಲಾಗುತ್ತದೆ. ಭತ್ತವನ್ನು ಸುಮ್ಮನೆ ಒಂದು ಮೂಲೆಯಲ್ಲಿ ಇಟ್ಟ ಮಾತ್ರಕ್ಕೆ ಅದು ಹಳೆಯ ಭತ್ತವಾಗುವುದಿಲ್ಲ. ಕ್ರಮ ತಪ್ಪಿದರೆ ಕೆಟ್ಟ ಭತ್ತವಾಗುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನೂ ಅನುಸರಿಸಬೇಕಾದ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಹಳೆಯದಾಗುವುದೆಂದರೇನು?

ಹೊಸ ಅಕ್ಕಿಯ ಅನ್ನ ಜಿಗುಟಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಗಂಜಿ ಗಟ್ಟಿಯಾಗಿ ಬಸಿಯುತ್ತದೆ. ಅದೇ ಅಕ್ಕಿ ಕೆಲವು ತಿಂಗಳು ಕಳೆದ ಮೇಲೆ ಹೆಚ್ಚು ನೀರನ್ನು ಹೀರಿಕೊಂಡು ಚೆನ್ನಾಗಿ ಅರಳುತ್ತದೆ, ಅಗುಳು ಬಿಡಿಬಿಡಿಯಾಗಿರುತ್ತದೆ, ಗಂಜಿ ತಿಳಿಯಾಗಿರುತ್ತದೆ. ಅಳತೆಯಲ್ಲಿ ಅನ್ನವೂ ಹೆಚ್ಚಾಗುತ್ತದೆ.

ಈ ಅವಧಿಯಲ್ಲಿ ಕಾಳಿನಲ್ಲಿರುವ ಪಿಷ್ಟ, ಸಸಾರಜನಕ ಮತ್ತು ಕೊಬ್ಬಿನ ಒಟ್ಟು ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಬದಲಾಗುವುದು ಅವುಗಳ ಸ್ಥಿತಿ. ಕೊಬ್ಬು ನಿಧಾನವಾಗಿ ಒಡೆದು ಮೇದಾಮ್ಲಗಳಾಗುತ್ತದೆ. ಇವುಗಳಲ್ಲಿ ಸ್ವಲ್ಪ ಭಾಗ ಪಿಷ್ಟದೊಡನೆ ಕೂಡಿಕೊಂಡು, ಬೇಯುವಾಗ ಪಿಷ್ಟ ಸುಲಭವಾಗಿ ಕರಗದಂತೆ ತಡೆಯುತ್ತದೆ. ಪಿಷ್ಟದ ಕಣಗಳ ಸುತ್ತಲಿನ ಸಸಾರಜನಕದಲ್ಲಿ ಗಂಧಕದ ಬಂಧಗಳು ಹೆಚ್ಚಾಗಿ ಅದು ಬಲವಾದ ಬಲೆಯಂತಾಗುತ್ತದೆ. ಪಿಷ್ಟವನ್ನು ಒಡೆಯುವ ಕಿಣ್ವಗಳ ಚಟುವಟಿಕೆಯೂ ಕುಗ್ಗುತ್ತದೆ. ಈ ಕಾರಣಗಳಿಂದ ಅಗುಳು ಅರಳಿದರೂ ಒಡೆದು ಅಂಟಾಗುವುದಿಲ್ಲ.

ಈ ಬದಲಾವಣೆಯ ಬಹುಭಾಗ ಕೊಯ್ಲಾದ ಮೊದಲ ಮೂರು ನಾಲ್ಕು ತಿಂಗಳುಗಳಲ್ಲಿಯೇ ನಡೆಯುತ್ತದೆ. ಉಷ್ಣತೆ ಹೆಚ್ಚಿದ್ದಲ್ಲಿ ಬೇಗ, ತಂಪಿನಲ್ಲಿ ನಿಧಾನ. ನಮ್ಮ ರಾಜ್ಯದ ಹವೆಯಲ್ಲಿ ಇದಕ್ಕಾಗಿ ಪ್ರತ್ಯೇಕ ಕಾವನ್ನು ಕೊಡಬೇಕಾದ ಅಗತ್ಯವಿಲ್ಲ. ಕಾಲ ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಅಲ್ಲಿಯವರೆಗೆ ಭತ್ತ ಕೆಡದಂತೆ ಕಾಯುವುದಷ್ಟೇ ರೈತನ ಕೆಲಸ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೋಗಲಾಡಿಸಬೇಕು. ಹಸಿ ಪೈರನ್ನು ಬಣವೆ ಒಟ್ಟಿದಾಗ ಒಳಗೆ ಕಾವೇರಿ ಅಕ್ಕಿ ಹಳದಿಯಾಗುತ್ತದೆ. ಇದನ್ನು ಹಳೆಯ ಅಕ್ಕಿಯ ಲಕ್ಷಣವೆಂದು ಕೆಲವರು ಭಾವಿಸುತ್ತಾರೆ. ಇದು ಹಳೆಯದಾದುದಲ್ಲ, ಬೆಂದು ಕೆಟ್ಟದ್ದು. ಇಂತಹ ಅಕ್ಕಿಗೆ ಪೇಟೆಯಲ್ಲಿ ಬೆಲೆ ಕಡಿಮೆ.

ಭತ್ತವಾಗಿ ಇಡಬೇಕೋ, ಅಕ್ಕಿಯಾಗಿಯೋ?

ಭತ್ತವಾಗಿ ಇಡುವುದೇ ಉತ್ತಮ. ಉಮಿಯ ಕವಚ ಗಟ್ಟಿಯಾಗಿರುವುದರಿಂದ ಸೊಂಡಿಲು ಹುಳು, ಹಿಟ್ಟಿನ ಹುಳುಗಳಿಗೆ ಒಳನುಗ್ಗುವುದು ಕಷ್ಟ. ಕಾಳಿಗೆ ತೇವದ ಏರಿಳಿತವೂ ಬೇಗ ತಟ್ಟುವುದಿಲ್ಲ. ಉಮಿ ತೆಗೆದು ತೌಡು ಉಳಿಸಿದ ಕೆಂಪಕ್ಕಿ ಎಲ್ಲಕ್ಕಿಂತ ಬೇಗ ಕೆಡುತ್ತದೆ. ತೌಡಿನ ಎಣ್ಣೆ ಕಮಟು ವಾಸನೆಗೆ ಕಾರಣವಾಗುತ್ತದೆ. ಆದ್ದರಿಂದ ಮನೆ ಬಳಕೆಗೆ ಒಂದೆರಡು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಮಿಲ್ ಮಾಡಿಸಿ, ಉಳಿದುದನ್ನು ಭತ್ತವಾಗಿಯೇ ಇಡಬೇಕು.

ಕರಾವಳಿಯ ಕುಚ್ಚಲಕ್ಕಿಗೆ ಈ ಕ್ರಮ ಅಷ್ಟಾಗಿ ಅನ್ವಯಿಸುವುದಿಲ್ಲ. ಭತ್ತವನ್ನು ಕುದಿಸಿದಾಗಲೇ ಪಿಷ್ಟ ಒಮ್ಮೆ ಬೆಂದು ಗಟ್ಟಿಯಾಗಿರುತ್ತದೆ. ಅನ್ನ ಬಿಡಿಯಾಗಲು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಪೇಟೆಯಲ್ಲಿ ಸಿಗುವ ಸ್ಟೀಮ್ ಅಕ್ಕಿಯೂ ಆವಿಯ ಕಾವಿನಿಂದ ಹಳೆಯ ಅಕ್ಕಿಯ ಗುಣವನ್ನು ಬೇಗ ಪಡೆದಂತಹುದೇ. ಜೀರಿಗೆ ಸಣ್ಣ, ಗಂಧಸಾಲೆಯಂತಹ ಪರಿಮಳದ ತಳಿಗಳಲ್ಲಿ ಕಾಲ ಕಳೆದಂತೆ ಸುವಾಸನೆ ಕುಗ್ಗುವುದರಿಂದ, ಅವನ್ನು ಅತಿಯಾಗಿ ಹಳೆಯದಾಗಿಸಬಾರದು.

ಒಣಗಿಸುವುದೇ ಮುಖ್ಯ

ಶೇಖರಣೆಯ ಯಶಸ್ಸು ಉಗ್ರಾಣದಲ್ಲಿ ಅಲ್ಲ, ಕಣದಲ್ಲಿ ನಿರ್ಧಾರವಾಗುತ್ತದೆ. ಕೊಯ್ಲಿನ ಸಮಯದಲ್ಲಿ ಭತ್ತದಲ್ಲಿ ಸಾಮಾನ್ಯವಾಗಿ ಶೇಕಡಾ 20 ರಿಂದ 24 ರಷ್ಟು ತೇವವಿರುತ್ತದೆ. ಕೆಲವು ವಾರಗಳ ಶೇಖರಣೆಗೆ ಶೇ. 14 ಸಾಕು. ವರ್ಷದವರೆಗೆ ಇಡಬೇಕಾದರೆ ತೇವಾಂಶ ಶೇ. 12 ರಿಂದ 13 ಕ್ಕೆ ಇಳಿದಿರಬೇಕು. ಶೇ. 14 ಮೀರಿದ ಭತ್ತ ಬೂಷ್ಟಿಗೆ ಆಹ್ವಾನ ಕೊಟ್ಟಂತೆ.

1. ಒಕ್ಕಣೆಯಾದ ಕೂಡಲೇ ತೂರಿ ಜೊಳ್ಳು, ಹುಲ್ಲು, ಕಳೆಬೀಜಗಳನ್ನು ಬೇರ್ಪಡಿಸಿ. ಹಸಿ ಭತ್ತವನ್ನು ಒಂದು ರಾತ್ರಿಯೂ ರಾಶಿಯಾಗಿ ಬಿಡಬೇಡಿ.

2. ಸಿಮೆಂಟ್ ಕಣ ಅಥವಾ ಟಾರ್ಪಾಲಿನ ಮೇಲೆ 2 ರಿಂದ 4 ಸೆಂ.ಮೀ. ದಪ್ಪಕ್ಕೆ ಹರಡಿ, ಅರ್ಧ ಗಂಟೆಗೊಮ್ಮೆ ಕೈಯಾಡಿಸಿ.

3. ನಡುಹಗಲಿನ ಉರಿಬಿಸಿಲಿನಲ್ಲಿ ಭತ್ತವನ್ನು ರಾಶಿ ಮಾಡಿ ಮುಚ್ಚಿ. ಒಮ್ಮೆಲೆ ಕಾದ ಕಾಳು ಒಳಗೆ ಬಿರುಕು ಬಿಟ್ಟು ಮಿಲ್ಲಿನಲ್ಲಿ ನುಚ್ಚಾಗುತ್ತದೆ.

4. ಸಂಜೆ ರಾಶಿ ಮಾಡಿ ಹೊದಿಸಿ. ಒಣಗಿದ ಕಾಳಿಗೆ ಇಬ್ಬನಿ ಬಿದ್ದರೂ ಬಿರುಕು ಬಿಡುತ್ತದೆ.

5. ಒಣಗಿದ ಭತ್ತ ಪೂರ್ತಿ ತಣ್ಣಗಾದ ಮೇಲೆ ತುಂಬಿ. ಬಿಸಿಯಾಗಿ ತುಂಬಿದರೆ ಒಳಗೆ ಬೆವರುತ್ತದೆ.

ಡಾಂಬರು ರಸ್ತೆಯ ಮೇಲೆ ಒಣಗಿಸುವ ಪದ್ಧತಿಯನ್ನು ಬಿಡುವುದು ಲೇಸು. ಕಾಳು ಅತಿಯಾಗಿ ಕಾಯುತ್ತದೆ, ಕಲ್ಲು ಸೇರುತ್ತದೆ, ಅಪಘಾತಗಳಿಗೂ ಕಾರಣವಾಗುತ್ತದೆ.

ತೇವವನ್ನು ತಿಳಿಯುವ ಬಗೆ

ಚೆನ್ನಾಗಿ ಒಣಗಿದ ಕಾಳು ಹಲ್ಲಿಗೆ ಸಿಕ್ಕಿದಾಗ ಕಟಕ್ಕೆಂದು ಮುರಿಯುತ್ತದೆ. ಇದಕ್ಕೆ ಜೊತೆಯಾಗಿ ಉಪ್ಪಿನ ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಬಾಟಲಿಯ ಕಾಲುಭಾಗಕ್ಕೆ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪನ್ನೂ ಅಷ್ಟೇ ಭತ್ತವನ್ನೂ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಅಲುಗಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15 ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೆ ಶೇ. 15 ಕ್ಕಿಂತ ಕಡಿಮೆ ಎಂದಷ್ಟೇ ತಿಳಿಯುತ್ತದೆ. ವರ್ಷದ ಶೇಖರಣೆಗೆ ಇದು ಸಾಲದು. ಇನ್ನೂ ಒಂದೆರಡು ದಿನ ಒಣಗಿಸಿ, ಸಾಧ್ಯವಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಅಕ್ಕಿ ಗಿರಣಿಯ ತೇವಮಾಪಕದಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ.

ಎಲ್ಲಿ, ಯಾವುದರಲ್ಲಿ ಇಡಬೇಕು?

ನಮ್ಮ ಹಿರಿಯರು ಬಿದಿರಿನ ತೊಂಬೆ, ಮರದ ಕಣಜ, ಮಣ್ಣಿನ ವಾಡೆ, ಕರಾವಳಿಯ ಹುಲ್ಲಿನ ಮುಡಿ ಇತ್ಯಾದಿಗಳನ್ನು ಬಳಸುತ್ತಿದ್ದರು. ಬಿಗಿಯಾಗಿ ಕಟ್ಟಿದ ಮುಡಿಯನ್ನು ಅಡಿಗೆ ಮನೆಯ ಹೊಗೆ ತಾಗುವಂತೆ ಇಡುತ್ತಿದ್ದುದರ ಉದ್ದೇಶ ತೇವ ಮತ್ತು ಹುಳುಗಳನ್ನು ದೂರವಿಡುವುದೇ ಆಗಿತ್ತು. ಈಗ ಸೌದೆ ಒಲೆಯ ಹೊಗೆ ಕಡಿಮೆಯಾಗಿದೆ. ಆದ್ದರಿಂದ ಎಚ್ಚರಿಕೆ ಹೆಚ್ಚಬೇಕು.

ತೊಂಬೆ, ಕಣಜಗಳ ಸಂದುಗಳನ್ನು ಸಗಣಿ ಮತ್ತು ಮಣ್ಣಿನಿಂದ ಮೆತ್ತಿ, ಪೂರ್ತಿ ಒಣಗಿದ ಮೇಲೆ ಬಳಸಿ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಕಣಜದಲ್ಲಿ ಎರಡು ಮಣ್ಣಿನ ಗೋಡೆಗಳ ನಡುವೆ ಪಾಲಿಥೀನ್ ಹಾಳೆ ಇರುವುದರಿಂದ ಹೊರಗಿನ ತೇವ ಒಳಗೆ ಬರುವುದಿಲ್ಲ. ತಗಡಿನ ಕಣಜವಾದರೆ ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ಹಗಲು ಕಾದು ರಾತ್ರಿ ತಣಿದಾಗ ಮುಚ್ಚಳದ ಒಳಗೆ ನೀರು ಹನಿಗಟ್ಟಿ ಮೇಲ್ಪದರ ಬೂಷ್ಟು ಹಿಡಿಯುತ್ತದೆ.

ಗೋಣಿಚೀಲಗಳಲ್ಲಿ ಇಡುವವರು ಹೊಸ ಚೀಲ ಬಳಸಬೇಕು. ಹಳೆಯವಾದರೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಒಣಗಿಸಬೇಕು. ನೆಲದ ಮೇಲೆ ಪಾಲಿಥೀನ್ ಹಾಳೆ ಹಾಸಿ, ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದೂವರೆ ಎರಡು ಅಡಿ ದೂರದಲ್ಲಿ ಚೀಲಗಳನ್ನು ಜೋಡಿಸಬೇಕು. ಗೋಡೆಗೆ ಒರಗಿಸಿದ ಚೀಲ ಮಳೆಗಾಲದಲ್ಲಿ ಗೋಡೆಯ ತೇವವನ್ನು ಹೀರುತ್ತದೆ, ಇಲಿಗೂ ಮರೆಯಾಗುತ್ತದೆ. ಗಾಳಿಯಾಡದ ವಿಶೇಷ ಚೀಲಗಳೂ ಇಂದು ದೊರೆಯುತ್ತವೆ. ಇವುಗಳಲ್ಲಿ ಆಮ್ಲಜನಕ ಕುಗ್ಗಿ ಹುಳುಗಳು ಔಷಧವಿಲ್ಲದೆಯೇ ಸಾಯುತ್ತವೆ. ಆದರೆ ಹಸಿ ಭತ್ತವನ್ನು ಇವುಗಳಲ್ಲಿ ತುಂಬಿದರೆ ಒಳಗೇ ಹುಳಿತು ಹಾಳಾಗುತ್ತದೆ.

ಹುಳುಗಳ ಬಾಧೆ ಮತ್ತು ಜೀವಾಪಾಯ

ಭತ್ತಕ್ಕೆ ಮುಖ್ಯ ಶತ್ರುಗಳು ಧಾನ್ಯದ ಪತಂಗ ಮತ್ತು ಕಾಳು ಕೊರೆಯುವ ದುಂಬಿ. ಪತಂಗವು ಗದ್ದೆಯಲ್ಲಿರುವಾಗಲೇ ತೆನೆಯ ಮೇಲೆ ಮೊಟ್ಟೆ ಇಡಬಲ್ಲದು. ಬೆಚ್ಚನೆಯ ಹವೆಯಲ್ಲಿ ನಾಲ್ಕೈದು ವಾರಗಳಲ್ಲಿ ಒಂದು ಸಂತತಿ ಪೂರ್ಣವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಕಣಜದ ಮೇಲ್ಪದರಕ್ಕೆ ಕೈಹಾಕಿ ನೋಡಿ. ಕಾಳಿನಲ್ಲಿ ದುಂಡು ತೂತು, ಹಾರುವ ಸಣ್ಣ ಪತಂಗ, ಹಿಟ್ಟಿನಂತಹ ಪುಡಿ, ಒಳಗೆ ಬಿಸಿ ಅಥವಾ ಮುಗ್ಗಲು ವಾಸನೆ ಕಂಡರೆ ಕೂಡಲೇ ಹೊರತೆಗೆದು ಬಿಸಿಲಿಗೆ ಹರಡಿ, ಜರಡಿ ಹಿಡಿದು ಮತ್ತೆ ತುಂಬಿ. ನೆರಳಿನಲ್ಲಿ ಒಣಗಿಸಿದ ಬೇವಿನ ಅಥವಾ ಲಕ್ಕಿ ಸೊಪ್ಪನ್ನು ಪದರಗಳ ನಡುವೆ ಹರಡುವುದು ಸಹಾಯಕ. ಆದರೆ ಒಣಗಿಸುವ ಕೆಲಸಕ್ಕೆ ಸೊಪ್ಪು ಬದಲಿಯಲ್ಲ.

ಮೂರು ವಿಷಯಗಳಲ್ಲಿ ತೀವ್ರ ಎಚ್ಚರಿಕೆ ಅಗತ್ಯ.

ಒಂದು: ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನೆಯಲ್ಲಿ ಎಂದಿಗೂ ಬಳಸಬೇಡಿ. ಗಾಳಿಯ ತೇವ ತಾಗಿದೊಡನೆ ಇವುಗಳಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಧಾನ್ಯದ ಚೀಲಗಳ ಪಕ್ಕದಲ್ಲಿ ಮಲಗಿದ ಮನೆಮಂದಿ, ಮಕ್ಕಳು ಪ್ರಾಣ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಪರವಾನಗಿ ಪಡೆದ ತಜ್ಞರು ಮಾತ್ರ, ಜನವಸತಿಯಿಲ್ಲದ ಗೋದಾಮಿನಲ್ಲಿ ಇದನ್ನು ಬಳಸಬಹುದು. ಹಳೆಯ ಕೈಪಿಡಿಗಳಲ್ಲಿ ಸೂಚಿಸಿರುವ ಇ.ಡಿ.ಬಿ. ಆಂಪ್ಯೂಲುಗಳನ್ನು 2001 ರಲ್ಲಿ ನಿಷೇಧಿಸಲಾಗಿದೆ.

ಎರಡು: ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಆಹಾರದಲ್ಲಿ ಇದರ ಬಳಕೆಗೆ ಅನುಮತಿಯಿಲ್ಲ, ಇದನ್ನು ಬಿಡಬೇಕು.

ಮೂರು: ಬೂಷ್ಟು ಹಿಡಿದ ಭತ್ತವನ್ನು ಉಣ್ಣಬೇಡಿ, ಹಸುಗಳಿಗೂ ಹಾಕಬೇಡಿ. ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಟಾಕ್ಸಿನ್ ವಿಷ ತೊಳೆದರೂ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಸು ತಿಂದರೆ ಅದರ ಅಂಶ ಹಾಲಿನಲ್ಲಿ ಬರುತ್ತದೆ.

ಎಷ್ಟು ಕಾಲ ಇಡಬೇಕು?

ಮುಂಗಾರು ಬೆಳೆಯ ಭತ್ತವನ್ನು ಡಿಸೆಂಬರಿನಲ್ಲಿ ಒಣಗಿಸಿ ತುಂಬಿದರೆ ಯುಗಾದಿಯ ಹೊತ್ತಿಗೆ ಅನ್ನದ ಗುಣದಲ್ಲಿ ಸ್ಪಷ್ಟ ಬದಲಾವಣೆ ಕಾಣುತ್ತದೆ. ಆರು ತಿಂಗಳಿಂದ ಒಂದು ವರ್ಷದ ಭತ್ತ ಊಟಕ್ಕೆ ಉತ್ತಮ. ಅದಕ್ಕಿಂತ ಮುಂದೆ ಲಾಭ ಕಡಿಮೆ, ಅಪಾಯ ಹೆಚ್ಚು. ಬಣ್ಣ ಹಳದಿಗೆ ತಿರುಗಬಹುದು, ಹಳೆ ವಾಸನೆ ಬರಬಹುದು.

ಮುಂಗಾರಿನ ಗಾಳಿ ತೇವದಿಂದ ತುಂಬಿರುತ್ತದೆ. ಗಾಳಿಯ ಆರ್ದ್ರತೆ ಶೇ. 75 ರಷ್ಟಿರುವಾಗಲೇ ಭತ್ತದ ತೇವಾಂಶ ಸುಮಾರು ಶೇ. 14 ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಳು ಇನ್ನೂ ತೇವ ಹೀರುತ್ತದೆ. ಆದ್ದರಿಂದ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಭತ್ತವನ್ನು ಒಮ್ಮೆ ಹೊರತೆಗೆದು ಬಿಸಿಲಿಗೆ ಹರಡಿ, ತಣಿಸಿ, ಮತ್ತೆ ತುಂಬಿ ಮುಚ್ಚಿ. ಮಳೆಗಾಲದಲ್ಲಿ ಪದೇ ಪದೇ ಬಾಯಿ ತೆರೆದಿಡಬೇಡಿ. ಬೇಸಿಗೆ ಬೆಳೆಯ ಭತ್ತ ಕೊಯ್ಲಿಗೆ ಬರುವುದೇ ಮಳೆಯ ಹೊಸ್ತಿಲಲ್ಲಿ. ಪೂರ್ತಿ ಒಣಗಿಸಲು ಸಾಧ್ಯವಾಗದಿದ್ದರೆ ಅದನ್ನು ಉಳಿಸುವ ಬದಲು ಮಾರುವುದೇ ಜಾಣತನ.

ಲೆಕ್ಕ ಹಾಕಿ ನೋಡಿ

ಮಾರಾಟಕ್ಕಾಗಿ ಹಳೆಯದಾಗಿಸುವವರು ಮೊದಲು ಲೆಕ್ಕ ಹಾಕಬೇಕು. ಉದಾಹರಣೆಗೆ, ಶೇ. 14 ತೇವದ ಭತ್ತಕ್ಕೆ ಇಂದು ಕ್ವಿಂಟಾಲಿಗೆ ರೂ. 2,000 ಸಿಗುವುದೆಂದು ಭಾವಿಸೋಣ. ಶೇ. 12 ಕ್ಕೆ ಒಣಗಿಸಿದಾಗ 100 ಕಿ.ಗ್ರಾಂ. ಭತ್ತ 97.7 ಕಿ.ಗ್ರಾಂ. ಆಗುತ್ತದೆ. ಹುಳುವಿನಿಂದ ಶೇ. 1 ನಷ್ಟವಾದರೆ ಉಳಿಯುವುದು 96.7 ಕಿ.ಗ್ರಾಂ. ತಿಂಗಳಿಗೆ ಶೇ. 1 ರಂತೆ ಆರು ತಿಂಗಳ ಬಡ್ಡಿ ರೂ. 120, ಚೀಲ ಮತ್ತು ಕೂಲಿ ರೂ. 40 ಸೇರಿ ಒಟ್ಟು ರೂ. 2,160 ಬರಬೇಕಾದರೆ ಕ್ವಿಂಟಾಲಿಗೆ ಸುಮಾರು ರೂ. 2,233 ಸಿಗಬೇಕು. ಹುಳುವಿನ ನಷ್ಟ ಶೇ. 5 ಆದರೆ ಈ ಬೆಲೆ ರೂ. 2,327 ಕ್ಕೆ ಏರುತ್ತದೆ. ನಿಮ್ಮ ಪೇಟೆಯ ಧಾರಣೆಯನ್ನು ಇಲ್ಲಿ ಹಾಕಿ ನೋಡಿ. ಸಾಲದ ಒತ್ತಡವಿರುವವರು ಇಡೀ ಬೆಳೆಯನ್ನು ಹಿಡಿದಿಡದೆ ಒಂದು ಭಾಗವನ್ನು ಮಾತ್ರ ಉಳಿಸಿ. ಇಲ್ಲವೇ ಉಗ್ರಾಣದ ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ಬಗ್ಗೆ ಸಮೀಪದ ಕೃಷಿ ಮಾರುಕಟ್ಟೆ ಸಮಿತಿಯಲ್ಲಿ ವಿಚಾರಿಸಿ.

ಬೀಜದ ಭತ್ತ ಬೇರೆಯಿರಲಿ

ಊಟಕ್ಕೆ ಹಳೆಯದು ಒಳ್ಳೆಯದಾದರೆ ಬಿತ್ತನೆಗೆ ಅದು ಕೆಟ್ಟದ್ದು. ಕಾಲ ಕಳೆದಂತೆ ಬೀಜದ ಮೊಳಕೆಯ ಶಕ್ತಿ ಕುಗ್ಗುತ್ತದೆ. ಬೀಜದ ತೇವಾಂಶ ಶೇ. 1 ರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚು ಕಡಿಮೆ ಇಮ್ಮಡಿಯಾಗುವುದೆಂಬುದು ಬೀಜ ಶಾಸ್ತ್ರದ ಸಾಮಾನ್ಯ ಸೂತ್ರ. ಬೀಜದ ಭತ್ತವನ್ನು ಇನ್ನೂ ಚೆನ್ನಾಗಿ ಒಣಗಿಸಿ, ಗುರುತು ಹಾಕಿ ಪ್ರತ್ಯೇಕವಾಗಿಡಿ; ಬಿತ್ತುವ ಮುನ್ನ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಮೊಳೆಯಿಸಿ, ಕನಿಷ್ಠ 80 ಮೊಳೆತರೆ ಮಾತ್ರ ಬಳಸಿ. ಔಷಧ ಲೇಪಿಸಿದ ಬೀಜ ಊಟದ ಭತ್ತದೊಡನೆ ಎಂದಿಗೂ ಬೆರೆಯಬಾರದು.

ಈ ವರ್ಷ ತುಂಬುವಾಗ ಪ್ರತಿ ಚೀಲಕ್ಕೂ ತಳಿಯ ಹೆಸರು, ಕೊಯ್ಲಿನ ತಿಂಗಳು ಮತ್ತು ತುಂಬಿದ ದಿನವನ್ನು ಬರೆದ ಒಂದು ಚೀಟಿ ಕಟ್ಟಿ. ಮೊದಲು ತುಂಬಿದ್ದನ್ನು ಮೊದಲು ತೆಗೆಯಿರಿ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅದೇ ಚೀಲದ ಅಕ್ಕಿಯನ್ನು ಒಂದೇ ಅಳತೆಯ ನೀರಿನಲ್ಲಿ ಬೇಯಿಸಿ ಹೋಲಿಸಿ ನೋಡಿ. ನಿಮ್ಮ ತಳಿಗೆ, ನಿಮ್ಮ ಮನೆಗೆ ಎಷ್ಟು ತಿಂಗಳು ಸಾಕೆಂಬುದನ್ನು ನಿಮ್ಮ ಅಡಿಗೆ ಮನೆಯೇ ತಿಳಿಸುತ್ತದೆ.