ತೇಲುವ ವಿಮಾನನೆಲೆ

ನೌಕಾಯುದ್ಧದಲ್ಲಿ ವಿಮಾನವಾಹಕ ನೌಕೆಯ ಪಾತ್ರವನ್ನು ಅರಿಯಲು ದೂರದ ಉದಾಹರಣೆ ಬೇಕಿಲ್ಲ. 1971ರ ಯುದ್ಧದಲ್ಲಿ ನಮ್ಮ ‘ವಿಕ್ರಾಂತ್’ ಬಂಗಾಳ ಕೊಲ್ಲಿಯಲ್ಲಿ ನಡೆಸಿದ ಕಾರ್ಯಾಚರಣೆಯೇ ಸಾಕು. ಅದರ ‘ಸೀ ಹಾಕ್’ ಜೆಟ್ ವಿಮಾನಗಳನ್ನು ಉಗಿಯ ಬಲದಿಂದ, ಕವಣೆಯ ಕಲ್ಲಿನಂತೆ ಮುಂದಕ್ಕೆ ಚಿಮ್ಮಿಸಲಾಗುತ್ತಿತ್ತು. ಅಷ್ಟೇ ಸಾಲದು, ನೌಕೆಯು ಗಾಳಿಗೆ ಎದುರಾಗಿ ವೇಗದಿಂದ ಸಾಗಬೇಕು. ಗಾಳಿಯ ವೇಗ, ಹಡಗಿನ ವೇಗ ಎರಡೂ ಕೂಡಿದಾಗಲೇ ರೆಕ್ಕೆಗಳಿಗೆ ಬೇಕಾದ ಆಸರೆ ದೊರೆಯುವುದು. ಇಂತಹ ನೌಕೆಯ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿತ್ತು, ವೇಗ ಕುಗ್ಗಿತ್ತು. 1965ರ ಯುದ್ಧಕಾಲವನ್ನೂ ಅದು ದುರಸ್ತಿಯಲ್ಲೇ ಕಳೆದಿತ್ತು. ಮತ್ತೊಮ್ಮೆ ಬಂದರಿನಲ್ಲೇ ಉಳಿದಿದ್ದರೆ ನಾವಿಕರ ಮನಸ್ಸಿಗೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಆದರೂ ಅದನ್ನು ಪೂರ್ವ ಸಮುದ್ರಕ್ಕೇ ಕಳುಹಿಸಲಾಯಿತು. ಅದನ್ನು ಅರಸಿಬಂದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಬಳಿ ಮುಳುಗಿದಾಗ ವಿಕ್ರಾಂತ್ ಅಲ್ಲಿರಲೇ ಇಲ್ಲ! ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರ್ ವಿಮಾನನೆಲೆಯ ಮೇಲೂ, ಅನಂತರ ಚಿತ್ತಗಾಂಗ್ ಬಂದರಿನ ಮೇಲೂ ಎರಗಿದವು. ಇರುಳಿನ ದಾಳಿಗಳು ನಿಧಾನಗತಿಯ ‘ಅಲಿಜೆ’ ವಿಮಾನಗಳ ಪಾಲಿಗೆ ಬಂದವು. ಕೆಡವಿದ ಬಾಂಬುಗಳ ಲೆಕ್ಕಕ್ಕಿಂತ ಇದರ ಫಲ ದೊಡ್ಡದು. ಪೂರ್ವ ಪಾಕಿಸ್ತಾನದಲ್ಲಿದ್ದ ಸೇನೆಗೆ ಕಡಲಿನಿಂದ ನೆರವು ಬರುವ ದಾರಿಯೂ, ಕಡಲಿಗಿಳಿದು ಪಾರಾಗುವ ದಾರಿಯೂ ಮುಚ್ಚಿದವು. ಡಿಸೆಂಬರ್ 16ರಂದು ಆ ಸೇನೆ ಢಾಕಾದಲ್ಲಿ ಶರಣಾಯಿತು.